ವೇದಿಕೆ ಶಾಲೆಯದು, ಕಂಠ ಯಾರದು?

ಶಾಲೆಯ ವೇದಿಕೆಯ ಮೇಲೆ ಮಕ್ಕಳು ಯಾವ ಹಾಡು ಹಾಡಬೇಕು, ಏನು ನುಡಿಸಬೇಕು ಅಂತ ತೀರ್ಮಾನಿಸುವವರು ಯಾರು? "ಹೆಡ್ ಮೇಷ್ಟ್ರು, ಇನ್ಯಾರು?" ಅಂತೀರಿ. ನಮ್ಮ ಕಾಲದಲ್ಲಂತೂ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಮೇಷ್ಟ್ರು ಕಲಿಸಿದ ಹಾಡು ಹಾಡುವುದು, ಚಪ್ಪಾಳೆ ಬಿದ್ದರೆ ಕೆಳಗಿಳಿಯುವುದು, ಅಷ್ಟೇ. ಆದರೆ ಈ ಪ್ರಶ್ನೆ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ ಬಾಗಿಲವರೆಗೂ ಹೋಗಿ ಬಂದಿದೆ. ನಮ್ಮ ದೇಶದಲ್ಲಿ ಇದರ ಹತ್ತಿರದ ನೆಂಟ ಅನ್ನಬಹುದಾದ ಇನ್ನೊಂದು ಪ್ರಶ್ನೆ ಸುಪ್ರೀಂ ಕೋರ್ಟಿನ ಒಳಗೇ ಹೋಗಿ ತೀರ್ಪು ಪಡೆದಿದೆ. ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು, ವಕೀಲನಲ್ಲ. ಆದರೂ ಈ ಕೇಸುಗಳ ಕಥೆ ಓದಲು ಶುರು ಮಾಡಿದ ಮೇಲೆ ಅರ್ಧಕ್ಕೆ ಬಿಡಲು ಆಗಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡೆ ಮೊಯಿನ್ ಊರಿನ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಶಾಲೆ ಅವರನ್ನು ಮನೆಗೆ ಕಳಿಸಿತು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 7-2 ಬಹುಮತದಿಂದ ಮಕ್ಕಳ ಪರ ನಿಂತಿತು. ಶಾಲೆಯ ಗೇಟು ದಾಟಿದ ಮಾತ್ರಕ್ಕೆ ಮಗು ತನ್ನ ಮಾತಿನ ಹಕ್ಕನ್ನು ಕಳೆದುಕೊಳ್ಳುವುದಿಲ್ಲ, ಪಾಠಕ್ಕೆ ನಿಜವಾದ ಅಡಚಣೆಯಾದರೆ ಮಾತ್ರ ತಡೆಯಬಹುದು ಎಂಬುದು ತೀರ್ಪಿನ ಸಾರ. ಟಿಂಕರ್ ಕೇಸು ಅಂತ ಇದು ಪ್ರಸಿದ್ಧ.

ಸರಿ, ಮಕ್ಕಳು ಗೆದ್ದರು ಅಂದುಕೊಳ್ಳುವಷ್ಟರಲ್ಲಿ 1988 ಬಂತು. ಮಿಸೌರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ ಮಕ್ಕಳು ತರಗತಿಯ ಭಾಗವಾಗಿ ಪತ್ರಿಕೆ ತರುತ್ತಿದ್ದರು. 1983ರಲ್ಲಿ ಪ್ರಿನ್ಸಿಪಾಲರು ಅದರ ಎರಡು ಪುಟಗಳನ್ನೇ ತೆಗೆಸಿಬಿಟ್ಟರು. ಅವರ ಆಕ್ಷೇಪ ಇದ್ದದ್ದು ಹದಿಹರೆಯದ ಬಸಿರು ಮತ್ತು ತಂದೆತಾಯಿಯರ ವಿಚ್ಛೇದನದ ಬಗ್ಗೆ ಇದ್ದ ಬರಹಗಳಿಗೆ. ಈ ಸಲ ಸುಪ್ರೀಂ ಕೋರ್ಟು 5-3ರಿಂದ ಶಾಲೆಯ ಪರ ತೀರ್ಪು ಕೊಟ್ಟಿತು. ಮಗು ತನ್ನಷ್ಟಕ್ಕೆ ಆಡುವ ಮಾತು ಬೇರೆ, ಶಾಲೆಯ ಹೆಸರಿನಲ್ಲಿ ಶಾಲೆಯ ಖರ್ಚಿನಲ್ಲಿ ಹೊರಬರುವ ಮಾತು ಬೇರೆ. ಎರಡನೆಯದರಲ್ಲಿ, ಶಿಕ್ಷಣಕ್ಕೆ ಸಂಬಂಧಪಟ್ಟ ಸಮಂಜಸ ಕಾರಣವಿದ್ದರೆ ಶಾಲೆ ಕೈ ಹಾಕಬಹುದು. ಪತ್ರಿಕೆಯ ಜೊತೆಗೆ ಶಾಲೆಯ ನಾಟಕ ಮುಂತಾದ ಚಟುವಟಿಕೆಗಳನ್ನೂ ಕೋರ್ಟು ಈ ಲೆಕ್ಕಕ್ಕೆ ಸೇರಿಸಿತು. ಶಾಲೆ ನಡೆಸುವ ಸಂಗೀತ ಕಾರ್ಯಕ್ರಮವೂ ಇದೇ ಜಾತಿಯದು ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನು ಸಂಗೀತಕ್ಕೆ ಬರೋಣ. ಇಲ್ಲಿ ಎರಡು ಕಥೆಗಳಿವೆ. ಒಂದಕ್ಕೊಂದು ಪೂರ್ತಿ ಉಲ್ಟಾ.

ಮೊದಲನೆಯದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯದು. ಅಲ್ಲಿನ ವೆಸ್ಟ್ ಹೈಸ್ಕೂಲಿನ ಹಾಡುಗಾರರ ತಂಡದಲ್ಲಿ ಒಬ್ಬ ಯಹೂದಿ ಹುಡುಗಿ ಇದ್ದಳು. ತಂಡಕ್ಕೆ ಕಲಿಸುತ್ತಿದ್ದ ಹಾಡುಗಳಲ್ಲಿ ಕ್ರೈಸ್ತ ಭಕ್ತಿಗೀತೆಗಳೇ ಹೆಚ್ಚು ಅಂತ ಅವಳ ತಕರಾರು. 1995ರ ಗ್ರಾಜುಯೇಷನ್ ಸಮಾರಂಭದಲ್ಲಿ (ಅಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದವರಿಗೆ ನಡೆಯುವ ಬೀಳ್ಕೊಡುಗೆ ಅನ್ನಿ) ಅಂಥ ಎರಡು ಹಾಡು ಹಾಡಬಾರದು ಎಂದು ಮೇಲ್ಮನವಿ ಕೋರ್ಟಿನಿಂದ ತಡೆಯಾಜ್ಞೆಯೂ ಸಿಕ್ಕಿತು. ಆದರೆ ಸಮಾರಂಭದ ದಿನ ವಿದ್ಯಾರ್ಥಿಯೊಬ್ಬ ಮುಂದಾಗಿ ಹಾಡು ಶುರು ಮಾಡಿದ, ಸಭಿಕರೂ ದನಿ ಸೇರಿಸಿದರು! ಕೊನೆಗೆ 1997ರಲ್ಲಿ ಅದೇ ಮೇಲ್ಮನವಿ ಕೋರ್ಟು ಹುಡುಗಿಯ ವಾದವನ್ನು ತಳ್ಳಿಹಾಕಿತು. ಪಾಶ್ಚಾತ್ಯ ಸಮೂಹಗಾಯನದ ದೊಡ್ಡ ಪಾಲು ಇಗರ್ಜಿಯಲ್ಲೇ ಹುಟ್ಟಿದ್ದು, ಅದನ್ನು ಸಂಗೀತವೆಂದು ಕಲಿಸಿದರೆ ಧರ್ಮಪ್ರಚಾರವಾಗುವುದಿಲ್ಲ ಎಂಬ ಧಾಟಿಯ ತೀರ್ಪು. ಬೇಡವಾದರೆ ಹಾಡದೆ ಇರಬಹುದು, ಅಂಕ ಕಡಿಮೆಯಾಗುವುದಿಲ್ಲ ಎಂದು ಅವಳಿಗೆ ಹೇಳಿದ್ದರೆಂಬುದನ್ನೂ ಕೋರ್ಟು ಗಮನಿಸಿತು.

ಎರಡನೆಯದು ವಾಷಿಂಗ್ಟನ್ ರಾಜ್ಯದ ಎವರೆಟ್ ಶಾಲಾ ಜಿಲ್ಲೆಯದು. ಅಲ್ಲಿನ ಹೆನ್ರಿ ಎಂ. ಜ್ಯಾಕ್ಸನ್ ಹೈಸ್ಕೂಲಿನಲ್ಲಿ ಊದುವ ವಾದ್ಯಗಳ ಒಂದು ಮೇಳ. ಕೊನೆಯ ವರ್ಷದ ಮಕ್ಕಳು ಗ್ರಾಜುಯೇಷನ್ ದಿನ ನುಡಿಸುವ ಕೃತಿಯನ್ನು ತಾವೇ ಆರಿಸಿಕೊಳ್ಳುವ ಪದ್ಧತಿ ಇತ್ತು. 2006ರಲ್ಲಿ ಅವರೆಲ್ಲ ಒಮ್ಮತದಿಂದ ಆರಿಸಿದ್ದು ಜರ್ಮನಿಯ ಫ್ರಾಂಜ್ ಬೀಬ್ಲ್ ಅವರ 'ಆವೆ ಮರಿಯಾ'. ಹಾಡುವುದಿಲ್ಲ, ಬರೀ ವಾದ್ಯ. ಸಾಹಿತ್ಯವನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚು ಹಾಕಿಸುವ ಯೋಚನೆಯೂ ಇರಲಿಲ್ಲ. ಕೃತಿ ಚೆನ್ನಾಗಿದೆ, ನಮಗೆ ಚೆನ್ನಾಗಿ ಬರುತ್ತದೆ, ಅಷ್ಟೇ ಅವರ ಕಾರಣ.

ಶಾಲಾ ಜಿಲ್ಲೆಯ ಅಧಿಕಾರಿಗಳು ಬೇಡ ಅಂದರು. ಹಿಂದಿನ ವರ್ಷ, ಅಂದರೆ 2005ರಲ್ಲಿ, ಗಾಯನ ತಂಡ ದೇವರು, ಸ್ವರ್ಗ, ದೇವದೂತರ ಮಾತಿದ್ದ ಹಾಡೊಂದನ್ನು ಹಾಡಿತ್ತು. ಅದಕ್ಕೆ ದೂರುಗಳು ಬಂದಿದ್ದವು, ಸ್ಥಳೀಯ ಪತ್ರಿಕೆಯಲ್ಲಿ ವಾಚಕರ ಪತ್ರಗಳೂ ಬಂದಿದ್ದವು. ಹಾಗಾಗಿ ಈ ವರ್ಷ ಎಲ್ಲವೂ ಸೆಕ್ಯುಲರ್ ಆಗಿರಲಿ ಅಂತ ಮೇಲಿನಿಂದ ಅಪ್ಪಣೆ. ಕೃತಿಯ ಶೀರ್ಷಿಕೆಯೇ ಧಾರ್ಮಿಕ ಎಂದು ತೀರ್ಮಾನವಾಯಿತು. ಮಕ್ಕಳು ಒಲ್ಲದ ಮನಸ್ಸಿನಿಂದ ಬ್ರಿಟನ್ನಿನ ಗುಸ್ತಾವ್ ಹೋಲ್ಸ್ಟ್ ಅವರ ಬೇರೊಂದು ಕೃತಿಯ ಒಂದು ಭಾಗ ನುಡಿಸಿದರು. ಆಮೇಲೆ ಮೇಳದ ಒಬ್ಬ ಹುಡುಗಿ ಕೋರ್ಟಿಗೆ ಹೋದಳು. ನರ್ ವಿರುದ್ಧ ವೈಟ್‌ಹೆಡ್ ಎಂಬ ಕೇಸು ಇದೇ.

2009ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ಕೋರ್ಟು ಶಾಲೆಯ ಪರ ತೀರ್ಪು ಕೊಟ್ಟಿತು. ಗ್ರಾಜುಯೇಷನ್ ಅಂದರೆ ಎದ್ದುಹೋಗಲು ಆಗದ ಸಭಿಕರಿರುವ, ಸಮಯ ಕಡಿಮೆ ಇರುವ ಸಮಾರಂಭ. ಅಲ್ಲಿ ಎದ್ದು ಕಾಣುವಷ್ಟು ಧಾರ್ಮಿಕವಾದ ಕೃತಿಯನ್ನು ಬೇಡ ಅನ್ನುವುದು ಅಸಮಂಜಸವಲ್ಲ ಅಂತ. ಹೀಗೇ ಬಿಟ್ಟರೆ ಧರ್ಮದ ವಾಸನೆ ಇರುವ ಕಲೆಯನ್ನೆಲ್ಲ ಶಾಲೆಯವರು ದೂರಿನ ಭಯಕ್ಕೆ ದೂರ ಇಡುತ್ತಾರೆ ಎಂದು ಮಿಲನ್ ಸ್ಮಿತ್ ಎಂಬ ನ್ಯಾಯಾಧೀಶರು ಭಿನ್ನವಾಗಿ ಬರೆದರು. 2010ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿ ಅಲಿಟೊ ಒಬ್ಬರೇ ಇದಕ್ಕೆ ಅಸಮ್ಮತಿ ಬರೆದರು. ನೀವೇ ಆರಿಸಿಕೊಳ್ಳಿ ಅಂತ ಮಕ್ಕಳಿಗೆ ಹೇಳಿದ ಮೇಲೆ, ಶಾಲೆ ತೆರೆಯ ಹಿಂದೆ ನಿಂತು ದಾರ ಎಳೆಯುವ ಸೂತ್ರಧಾರನಾಗಬಾರದು ಎಂಬುದು ಅವರ ಮಾತಿನ ತಾತ್ಪರ್ಯ. ನಮ್ಮ ಗೊಂಬೆಯಾಟ ನೋಡಿದವರಿಗೆ ಈ ಹೋಲಿಕೆ ಥಟ್ಟನೆ ಅರ್ಥವಾಗುತ್ತದೆ.

ಈಗ ಎರಡೂ ಕಥೆ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬಳು "ಈ ಹಾಡು ಬೇಡ" ಅಂದಳು, ಸೋತಳು. ಇನ್ನೊಬ್ಬಳು "ಈ ಕೃತಿ ಬೇಕು" ಅಂದಳು, ಅವಳೂ ಸೋತಳು. ಎರಡು ಸಲವೂ ಗೆದ್ದದ್ದು ಶಾಲೆ. ಅಂದರೆ ಭಕ್ತಿಸಂಗೀತ ಇರಬೇಕೋ ಬೇಡವೋ ಎಂಬುದನ್ನು ಕೋರ್ಟು ಹೇಳಲಿಲ್ಲ. ಅದನ್ನು ಹೇಳುವ ಅಧಿಕಾರ ಶಾಲೆಯದು ಅಂತಷ್ಟೇ ಹೇಳಿತು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಸ್ಯಾಂಕ್ಷನ್ ಅಧಿಕಾರ ಮ್ಯಾನೇಜರದು, ಹೆಡ್ ಆಫೀಸು ಪ್ರತಿ ಸಾಲದಲ್ಲೂ ತಲೆ ಹಾಕುವುದಿಲ್ಲ.

ನಾನು ಇದರಲ್ಲಿ ಸಿಕ್ಕಿಕೊಂಡದ್ದು ನನ್ನ ಮಗಳಿಂದಾಗಿ. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಇಲ್ಲಿ ಮುಂಬಯಿ ಉಪನಗರದ ಒಂದು ಇಂಗ್ಲಿಷ್ ಶಾಲೆಯಲ್ಲಿ (ಹೆಸರು ಬೇಡ) ಗ್ಯಾದರಿಂಗ್‌ಗೆ ಪುರಂದರದಾಸರ ರಾಗಿಯ ಹಾಡು ಹಾಡುತ್ತೇನೆ ಅಂತ ಹೆಸರು ಕೊಟ್ಟಳು. ಹಿಟ್ಟಿನ ರಾಗಿಯನ್ನೂ 'ಒಳ್ಳೆಯವರಾಗಿ' ಅನ್ನುವಾಗ ಬರುವ ರಾಗಿಯನ್ನೂ ಒಂದೇ ಮಾತಿನಲ್ಲಿ ಕುಣಿಸುವ ಆ ಹಾಡು ಗೊತ್ತಲ್ಲ? ಅವಳ ಅಜ್ಜಿ ರಜೆಯಲ್ಲಿ ಕಲಿಸಿದ್ದು. ಫಾರಂನಲ್ಲಿ ಹಾಡಿನ ಬಗೆ ಎಂಬ ಕಡೆ 'ದೇವರನಾಮ' ಅಂತ ಬರೆದಿದ್ದಳು. ಅದರ ಅರ್ಥ ಏನು ಅಂತ ಟೀಚರ್ ಕೇಳಿದರು, ಇವಳು ಹೇಳಿದಳು, ಅಲ್ಲಿಗೆ ಮುಗಿಯಿತು. ಧಾರ್ಮಿಕ ಐಟಂ ಇಲ್ಲ. ಹಾಡನ್ನು ಯಾರೂ ಕೇಳಲೇ ಇಲ್ಲ. "ಕೇಳಿ ಆಮೇಲೆ ಬೇಡ ಅನ್ನಬಹುದಿತ್ತಲ್ವಾ ಅಪ್ಪಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಡಿನಲ್ಲಿ ದೇವರಿಲ್ಲ ಅಂತ ನಾನು ವಾದಿಸುವುದಿಲ್ಲ, ದಾಸರ ಅಂಕಿತವೇ ಇದೆಯಲ್ಲ. ಕೇಳಿದ ಮೇಲೂ ಟೀಚರ್ ಬೇಡ ಅನ್ನುತ್ತಿದ್ದರೋ ಏನೋ. ಆದರೆ ಎವರೆಟ್‌ನ ಕೇಸಿನಲ್ಲಿ ಶೀರ್ಷಿಕೆ ನೋಡಿ ತೀರ್ಮಾನಿಸಿದರು ಎಂದು ಓದಿದಾಗ ನನಗೆ ಸಮುದ್ರದ ಆಚೆಯ ಆ ಮಕ್ಕಳು ಪಕ್ಕದ ಬಿಲ್ಡಿಂಗಿನವರು ಅನ್ನಿಸಿತು.

ಇನ್ನು ನಮ್ಮ ದೇಶದ ಕೇಸು. ಶಾಲೆಯ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೇರಳದ ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನ ಎನ್.ಎಸ್.ಎಸ್. ಹೈಸ್ಕೂಲಿನಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಅಣ್ಣ ಮತ್ತು ಇಬ್ಬರು ತಂಗಿಯರು ಓದುತ್ತಿದ್ದರು. ಬೆಳಗಿನ ಅಸೆಂಬ್ಲಿಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಬಾಯಿ ಬಿಟ್ಟು ಹಾಡುವುದು ತಮ್ಮ ನಂಬಿಕೆಗೆ ವಿರುದ್ಧ ಅಂತ. 1985ರಲ್ಲಿ ವಿಷಯ ವಿಧಾನಸಭೆಯಲ್ಲಿ ಎದ್ದಿತು. ವಿಚಾರಣಾ ಆಯೋಗ ಈ ಮಕ್ಕಳು ಶಿಸ್ತಿನವರು, ಗೀತೆಗೆ ಅಗೌರವ ತೋರಿಲ್ಲ ಎಂದು ಹೇಳಿತು. ಆದರೂ ಜುಲೈ 26ರಂದು ಮೂವರನ್ನೂ ಶಾಲೆಯಿಂದ ತೆಗೆದರು. ಹೈಕೋರ್ಟಿನಲ್ಲಿ ಸೋಲು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಮತ್ತು ದತ್ತ ಅವರ ಪೀಠ ಮಕ್ಕಳ ಪರ ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತರೆ ಸಾಕು, ಹಾಡಲೇಬೇಕು ಎನ್ನುವ ಕಾನೂನು ಯಾವುದೂ ಇಲ್ಲ; ಇಲಾಖೆಯ ಸುತ್ತೋಲೆಯಿಂದ ಸಂವಿಧಾನದ 19 ಮತ್ತು 25ನೇ ವಿಧಿಯ ಹಕ್ಕುಗಳನ್ನು ಕಿತ್ತುಕೊಳ್ಳಲಾಗದು. ಅಮೆರಿಕದಲ್ಲೂ ಇದೇ ಪಂಥದ ಮಕ್ಕಳ ವಿಷಯದಲ್ಲಿ, ಧ್ವಜವಂದನೆಗೆ ಬಲವಂತ ಮಾಡಬಾರದೆಂದು 1943ರಲ್ಲೇ ತೀರ್ಪಾಗಿತ್ತು.

ಎಲ್ಲ ಕೂಡಿಸಿ ಕಳೆದರೆ ನನಗೆ ಸಿಗುವ ಲೆಕ್ಕ ಇಷ್ಟು. ವೇದಿಕೆ, ಮೈಕು, ಸಮಯ, ಪಟ್ಟಿ ಇವೆಲ್ಲ ಶಾಲೆಯವು. ಏನು ಹಾಡಿಸಬೇಕು ಎಂಬುದರಲ್ಲಿ ಶಾಲೆಗೆ ದೊಡ್ಡ ಅಧಿಕಾರವಿದೆ, ಇರಲೂ ಬೇಕು. ಐನೂರು ಮಕ್ಕಳ ಐನೂರು ಆಸೆಗಳನ್ನು ಎರಡು ಗಂಟೆಯಲ್ಲಿ ಮುಗಿಸಲು ಯಾರಿಂದಲೂ ಆಗದು. ಕಂಠ ಮಾತ್ರ ಮಗುವಿನದು. ಅದರಿಂದ ಬಲವಂತವಾಗಿ ಹಾಡು ಹೊರಡಿಸುವ ಅಧಿಕಾರ ಯಾವ ಶಾಲೆಗೂ ಇಲ್ಲ. ಯೂಟಾದ ಹುಡುಗಿ ಸೋತು ಕೇರಳದ ಮಕ್ಕಳು ಗೆದ್ದದ್ದರಲ್ಲಿ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದೇ. ಅವಳಿಗೆ ಸುಮ್ಮನಿರುವ ಅವಕಾಶ ಇತ್ತು, ಇವರಿಗೆ ಇರಲಿಲ್ಲ.

ಆದರೆ ಅಧಿಕಾರ ಇದೆ ಅಂದ ಮಾತ್ರಕ್ಕೆ ಅದನ್ನು ಹೇಗೆ ಬೇಕಾದರೂ ಬಳಸಬಹುದು ಅಂತಲ್ಲ. ಸಣ್ಣ ಸಾಲದ ಅರ್ಜಿ ತಿರಸ್ಕರಿಸಿದರೂ ನಾವು ಅದನ್ನು ಓದಿ, ಕಾರಣವನ್ನು ಬರೆದು ಕೊಡಬೇಕು. ಹೊರಗಿನ ಹೆಸರು ನೋಡಿ ಫೈಲು ಮುಚ್ಚಿದರೆ ಆಡಿಟ್‌ನವರು ಸುಮ್ಮನೆ ಬಿಡುವುದಿಲ್ಲ. ಹನ್ನೆರಡು ವರ್ಷದ ಮಗುವಿನ ಹಾಡಿಗೆ ಅಷ್ಟೂ ಮರ್ಯಾದೆ ಬೇಡವೇ?

ಇದನ್ನು ಹೊರನಾಡಿನ ನಮ್ಮವರಿಗೇ ಬರೆಯಲು ಕಾರಣವಿದೆ. ನಮ್ಮ ಮಕ್ಕಳ ಹಾಡು ಇಲ್ಲಿ ಟೀಚರಿಗೆ ಅರ್ಥವಾಗದ ಭಾಷೆಯದು. ಹಾಗಾಗಿ ಶೀರ್ಷಿಕೆ ನೋಡಿ ತೀರ್ಮಾನಿಸುವ ಅಪಾಯ ನಮಗೆ ಹೆಚ್ಚು. ಆದರೆ ನಾವು ಯಾವಾಗಲೂ ಕೇಳುವ ಕಡೆಯವರೇ ಅಲ್ಲ. ಮುಂಬಯಿಯಲ್ಲಿ ಕನ್ನಡ ಸಂಘಗಳೇ ನಡೆಸುವ ಶಾಲೆಗಳಿವೆ. ನಿಮ್ಮಲ್ಲಿ ಕೆಲವರು ಅಂಥ ಆಡಳಿತ ಮಂಡಳಿಗಳಲ್ಲಿ, ಪಿ.ಟಿ.ಎ.ಗಳಲ್ಲಿ, ಸೊಸೈಟಿಯ ಕಮಿಟಿಗಳಲ್ಲಿ ಇದ್ದೀರಿ. ನಾಳೆ ನಿಮ್ಮ ಪಟ್ಟಿಯಲ್ಲಿ ಒಂದು ಮರಾಠಿ ಅಭಂಗವೋ, ಉರ್ದು ನಾತ್ ಹಾಡೋ, ಕ್ರಿಸ್‌ಮಸ್ ಗೀತೆಯೋ ಬಂದರೆ ಬೇಕು ಅನ್ನುವುದು, ಬೇಡ ಅನ್ನುವುದು ನಿಮಗೆ ಬಿಟ್ಟದ್ದು. ಪೆನ್ನು ಎತ್ತುವ ಮೊದಲು ಆ ಮಗುವನ್ನು ಕರೆದು ಕೂರಿಸಿ, ಒಂದು ಸಲ ಪೂರ್ತಿ ಹಾಡಿಸಿ ಕೇಳಿ.