ಪುಲ್‌ಮನ್ ಮುಷ್ಕರ
1894ರಲ್ಲಿ ಅಮೆರಿಕದ ರೈಲು ಸಂಚಾರವನ್ನು ಅಸ್ತವ್ಯಸ್ತಗೊಳಿಸಿದ ಕಾರ್ಮಿಕ ಹೋರಾಟ. ಷಿಕಾಗೊದ ದಕ್ಷಿಣಕ್ಕಿದ್ದ ಪುಲ್‌ಮನ್ ಊರನ್ನು ರೈಲಿನ ಮಲಗುವ ಬೋಗಿಗಳ ತಯಾರಕ ಜಾರ್ಜ್ ಪುಲ್‌ಮನ್ ತನ್ನ ಕಾರ್ಮಿಕರಿಗಾಗಿ ಕಟ್ಟಿಸಿದ್ದ, ಮನೆಗಳೆಲ್ಲ ಕಂಪನಿಯವು. 1893ರ ಆರ್ಥಿಕ ಕುಸಿತದ ಬಳಿಕ ಕಂಪನಿ ಕೂಲಿಯನ್ನು ಸರಾಸರಿ ಕಾಲುಭಾಗದಷ್ಟು ಕಡಿತ ಮಾಡಿತು, ಬಾಡಿಗೆಯನ್ನು ಇಳಿಸಲಿಲ್ಲ. ಕೂಲಿ ಕೊಡುವವನೇ ಮನೆಯೊಡೆಯನೂ ಆಗಿದ್ದುದರಿಂದ ಬಾಡಿಗೆ ಕಳೆದು ಉಳಿಯುತ್ತಿದ್ದ ಹಣ ಹೊಟ್ಟೆಬಟ್ಟೆಗೂ ಸಾಲುತ್ತಿರಲಿಲ್ಲ. ಮುಷ್ಕರದ ನಿಜವಾದ ಬೇರು ಇಲ್ಲಿದೆ.

ಮೇ 11ರಂದು ಕೆಲಸ ನಿಂತಿತು. ಯೂಜೀನ್ ಡೆಬ್ಸ್ ನೇತೃತ್ವದ ಅಮೆರಿಕನ್ ರೈಲ್ವೆ ಯೂನಿಯನ್ ಜೂನ್ 26ರಿಂದ ಪುಲ್‌ಮನ್ ಬೋಗಿಗಳನ್ನು ಬಹಿಷ್ಕರಿಸಿತು. ಕಪ್ಪು ಕಾರ್ಮಿಕರಿಗೆ ಸದಸ್ಯತ್ವ ನಿರಾಕರಿಸಿದ್ದ ಈ ಸಂಘ ತನ್ನ ಬಲವನ್ನು ತಾನೇ ಕುಗ್ಗಿಸಿಕೊಂಡಿತ್ತು. ಅಂಚೆ ಸಾಗಣೆಗೆ ಅಡ್ಡಿಯಾಯಿತೆಂಬ ನೆಲೆಯಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಿತು; ಇಲಿನಾಯ್ ಗವರ್ನರ್ ಆಲ್ಟ್‌ಗೆಲ್ಡ್ ವಿರೋಧಿಸಿದರೂ ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಷಿಕಾಗೊಗೆ ಸೇನೆ ಕಳುಹಿಸಿದರು. ಗಲಭೆ ಭುಗಿಲೆದ್ದು ಹಲವರು ಸತ್ತರು.

ಮುಷ್ಕರ ಮುರಿದುಬಿತ್ತು. ಡೆಬ್ಸ್‌ಗೆ ಆರು ತಿಂಗಳ ಸೆರೆವಾಸವಾಯಿತು. ಅಲ್ಲಿಂದ ಹೊರಬಂದ ಮೇಲೆ ಅವರು ಸಮಾಜವಾದದತ್ತ ಹೊರಳಿದರು. 1895ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಮುಂದೆ ದಶಕಗಳ ಕಾಲ ಇದೇ ಅಸ್ತ್ರ ಕಾರ್ಮಿಕ ಸಂಘಗಳ ಮೇಲೆ ಬಳಕೆಯಾಯಿತು. 1898ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಊರಿನ ಮೇಲಿನ ಒಡೆತನ ಬಿಟ್ಟುಕೊಡುವಂತೆ ಕಂಪನಿಗೆ ಆದೇಶಿಸಿತು.