ಮಿಡ್‌ವೇ ಕದನ: ನೌಕಾಬಲದ ಗುಟ್ಟು ಮತ್ತು ಒಂದು ಪತ್ರಿಕಾವರದಿ

ಯುದ್ಧಕಾಲದಲ್ಲಿ ಸುದ್ದಿಯನ್ನು ತಡೆಹಿಡಿಯುವುದು ಸೇನೆಗಳ ಹಳೆಯ ವಾಡಿಕೆ. ಆದರೆ ಒಮ್ಮೆ ಹೊರಬಿದ್ದ ಸುದ್ದಿಯನ್ನು ಏನು ಮಾಡಬೇಕು? 1942ರಲ್ಲಿ ಅಮೆರಿಕದ ನೌಕಾಬಲಕ್ಕೆ ಎದುರಾದ ಈ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಪರ್ಲ್ ಹಾರ್ಬರಿನಲ್ಲಿ ಜೋಸೆಫ್ ರೋಷ್‌ಫರ್ಟನ ನೇತೃತ್ವದಲ್ಲಿದ್ದ ತಂಡವು ಆ ವರ್ಷದ ಮೇ ತಿಂಗಳ ವೇಳೆಗೆ ಜಪಾನೀ ನೌಕಾಬಲದ ಸಂಕೇತಭಾಷೆಯನ್ನು ಭಾಗಶಃ ಓದಬಲ್ಲಷ್ಟು ಮುಂದುವರಿದಿದ್ದಿತು. ಶತ್ರುವಿನ ಸಂದೇಶಗಳಲ್ಲಿ ‘ಎ.ಎಫ್.’ ಎಂಬ ಸ್ಥಳದ ಮೇಲೆ ನಡೆಯಲಿದ್ದ ದಾಳಿಯ ಸೂಚನೆ ಕಂಡುಬಂದಿತು. ಅದು ಮಿಡ್‌ವೇ ದ್ವೀಪವೆಂದು ರೋಷ್‌ಫರ್ಟನ ಊಹೆ. ವಾಷಿಂಗ್ಟನ್ನಿನ ಅಧಿಕಾರಿಗಳಿಗೆ ಅನುಮಾನ. ಆಗ ಹೂಡಿದ ಉಪಾಯ ಬಹು ಸರಳವಾದುದು. ಉಪ್ಪುನೀರನ್ನು ಸಿಹಿಗೊಳಿಸುವ ಯಂತ್ರ ಕೆಟ್ಟಿದೆಯೆಂದು, ಸಂಕೇತವಿಲ್ಲದ ಬಿಚ್ಚುಮಾತಿನಲ್ಲಿ, ರೇಡಿಯೋ ಮೂಲಕ ಸಾರುವಂತೆ ಮಿಡ್‌ವೇಗೆ ಸಮುದ್ರತಳದ ತಂತಿಯಿಂದ ಆಜ್ಞೆ ಹೋಯಿತು. ಶತ್ರುವಿನ ಕಿವಿಗೆ ನಿಲುಕದ ಮಾರ್ಗದಲ್ಲಿ ಆಜ್ಞೆ, ನಿಲುಕಲೇಬೇಕಾದ ಮಾರ್ಗದಲ್ಲಿ ಸುಳ್ಳು. ಸ್ವಲ್ಪ ಕಾಲದಲ್ಲಿಯೇ ಜಪಾನೀಯರ ಸಂದೇಶವೊಂದು ‘ಎ.ಎಫ್.’ನಲ್ಲಿ ಸಿಹಿನೀರಿಗೆ ಕೊರತೆಯೆಂದು ವರದಿಮಾಡಿತು!

ಜೂನ್ 4ರಂದು ಆರಂಭವಾದ ಕದನದಲ್ಲಿ ಜಪಾನ್ 4 ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು, ಅಮೆರಿಕ ಒಂದನ್ನು. ಗೆಲುವಿನ ಬೆನ್ನಿಗೇ ಗಂಡಾಂತರವೂ ಬಂದಿತು. ಜೂನ್ 7ರಂದು ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯು, ಜಪಾನಿನ ಹಂಚಿಕೆ ನೌಕಾಬಲಕ್ಕೆ ಮೊದಲೇ ತಿಳಿದಿದ್ದಿತೆಂಬ ಶಿರೋನಾಮೆಯಡಿ, ಶತ್ರುನೌಕೆಗಳ ಹೆಸರುಗಳನ್ನೂ ಪ್ರಕಟಿಸಿತು. ಬರೆದವನು ಸ್ಟ್ಯಾನ್ಲಿ ಜಾನ್‌ಸ್ಟನ್. ಹಿಂದಿನ ತಿಂಗಳು ಹವಳಸಮುದ್ರದ ಕದನದಲ್ಲಿ ಮುಳುಗಿದ ಲೆಕ್ಸಿಂಗ್‌ಟನ್ ನೌಕೆಯ ಅಧಿಕಾರಿಗಳೊಡನೆ ಇನ್ನೊಂದು ಹಡಗಿನಲ್ಲಿ ಮರಳುತ್ತಿದ್ದಾಗ, ಅಡ್ಮಿರಲ್ ನಿಮಿಟ್ಜನ ಗೋಪ್ಯ ಸಂದೇಶದಲ್ಲಿದ್ದ ಪಟ್ಟಿ ಅವನ ಕಣ್ಣಿಗೆ ಬಿದ್ದಿದ್ದಿತು. ವರದಿಯು ವಾಷಿಂಗ್ಟನ್ನಿನಿಂದ ಬಂದುದೆಂಬಂತೆ ಪತ್ರಿಕೆಯವರು ಅಚ್ಚುಹಾಕಿದರು. ಬೈರನ್ ಪ್ರೈಸನ ಸೆನ್ಸಾರ್ ಕಚೇರಿಯ ನಿಯಮಾವಳಿಯನ್ನು ಪತ್ರಿಕೆಗಳು ಸ್ವಇಚ್ಛೆಯಿಂದ ಪಾಲಿಸಬೇಕಾಗಿದ್ದಿತು. ಅದರಲ್ಲಿ ಸ್ವಪಕ್ಷದ ನೌಕೆಗಳ ಚಲನವಲನದ ನಿಷೇಧವಿದ್ದರೂ ಶತ್ರುನೌಕೆಗಳ ಮಾತು ಸ್ಪಷ್ಟವಾಗಿರಲಿಲ್ಲ. ಟ್ರಿಬ್ಯೂನಿನವರು ಈ ಸಂದಿಯನ್ನೇ ಹಿಡಿದುಕೊಂಡರು.

ಸರಕಾರವು ಆಗಸ್ಟಿನಲ್ಲಿ ಷಿಕಾಗೋದ ಗ್ರ್ಯಾಂಡ್ ಜ್ಯೂರಿಯ ಮುಂದೆ ಈ ಪ್ರಕರಣವನ್ನು ತಂದಿತು. ಅಪರಾಧವನ್ನು ಸ್ಥಾಪಿಸಬೇಕಾದರೆ ಆ ಪಟ್ಟಿ ನೌಕಾಬಲಕ್ಕೆ ದೊರೆತ ಬಗೆಯನ್ನು ಹೇಳಬೇಕು. ಹೇಳಿದರೆ ಗುಟ್ಟು ರಟ್ಟಾಗುವುದು. ಕೊನೆಗಳಿಗೆಯಲ್ಲಿ ನೌಕಾಬಲವು ಸಾಕ್ಷ್ಯ ಕೊಡಲು ಹಿಂಜರಿಯಿತು. ಜ್ಯೂರಿ ಆರೋಪ ಹೊರಿಸಲಿಲ್ಲ.

ಈ ಹಿಂಜರಿಕೆಯನ್ನು ದೌರ್ಬಲ್ಯವೆಂದು ಎಣಿಸುವವರೊಡನೆ ನಮಗೆ ಸಮ್ಮತಿಯಿಲ್ಲ. ಮೊಕದ್ದಮೆ ಹೂಡಿದ್ದೇ ತಪ್ಪು. ಜಾನ್‌ಸ್ಟನ್ನನ ವರದಿಯಲ್ಲಿ ಸಂಕೇತಭೇದನದ ಪ್ರಸ್ತಾಪವೇ ಇರಲಿಲ್ಲ. ವಿಚಾರಣೆಯ ಗದ್ದಲವೇ ಜನರ ಗಮನವನ್ನು ಅತ್ತ ಸೆಳೆಯಿತು. ಅದೇ ಆಗಸ್ಟಿನ ಕೊನೆಗೆ ಪ್ರತಿನಿಧಿಸಭೆಯ ಸದಸ್ಯ ಎಲ್ಮರ್ ಹಾಲೆಂಡನು, ಟ್ರಿಬ್ಯೂನನ್ನು ಖಂಡಿಸುವ ಭರದಲ್ಲಿ, ಜಪಾನೀ ಸಂಕೇತವನ್ನು ನೌಕಾಬಲ ಭೇದಿಸಿದ್ದಿತೆಂದು ಸಭೆಯಲ್ಲಿಯೇ ನುಡಿದುಬಿಟ್ಟನು. ಪತ್ರಿಕೆ ಹೇಳದೆ ಬಿಟ್ಟುದನ್ನು ಪತ್ರಿಕೆಯ ವೈರಿ ಹೇಳಿದಂತಾಯಿತು.

ಜಪಾನೀಯರು ಇದಾವುದನ್ನಾದರೂ ಗಮನಿಸಿದರೆಂಬುದಕ್ಕೆ ಆಧಾರ ದೊರೆತಿಲ್ಲ. ಅವರು ಮುಂದೆ ಸಂಕೇತವನ್ನು ಬದಲಿಸಿದುದಕ್ಕೆ ಈ ವರದಿಯೇ ಕಾರಣವೆಂದು ಕೆಲವರು ವಾದಿಸಿದ್ದುಂಟು. ಆದರೆ ಅವರು ಆಗಾಗ ಹಾಗೆ ಬದಲಿಸುತ್ತಲೇ ಇದ್ದರು. ವರದಿ ಹೊರಬೀಳುವುದಕ್ಕೆ ಮುನ್ನ, ಮೇ ತಿಂಗಳ ಕೊನೆಯಲ್ಲಿಯೂ ಒಮ್ಮೆ ಬದಲಿಸಿದ್ದರು. ಜ್ಯೂರಿಯ ಮುಂದಿನ ಹೇಳಿಕೆಗಳ ಮೇಲಿನ ಮುದ್ರೆಯನ್ನು ತೆಗೆಯಲು, ಇತಿಹಾಸಕಾರರ ಕೋರಿಕೆಯ ಮೇರೆಗೆ, ಮೇಲ್ಮನವಿ ನ್ಯಾಯಾಲಯವು ಒಪ್ಪಿದುದು 2016ರಲ್ಲಿ. ಅಷ್ಟರೊಳಗೆ 74 ವರ್ಷಗಳು ಸಂದಿದ್ದುವು.