ಕಿವಿಯೊಳಗಿನ ಮೊರೆತದ ಮೂಲ

ಹೊರಗೆ ಸದ್ದಿಲ್ಲದಿದ್ದರೂ ಕಿವಿ ಗುಂಯ್‌ಗುಡುವ ಬಾಧೆಯನ್ನು ಸುಶ್ರುತ ಸಂಹಿತೆ ‘ಕರ್ಣನಾದ’ ಎಂದು ಕರೆದು ಕಿವಿಯ ರೋಗಗಳ ಸಾಲಿಗೆ ಸೇರಿಸಿತು. ಮೊರೆತ ಕೇಳುವುದು ಕಿವಿಯಲ್ಲಿ, ಆದ್ದರಿಂದ ಮೂಲವೂ ಅಲ್ಲೇ ಎಂಬ ಎಣಿಕೆ ಸಹಜವೇ. ಸಂಶೋಧನೆಯನ್ನು ಬಹುಕಾಲ ದಾರಿ ತಪ್ಪಿಸಿದ್ದೂ ಅದೇ. ಈ ಸದ್ದಿಗಾಗಿ ಶ್ರವಣ ನರವನ್ನೇ ಕತ್ತರಿಸಿದ ವೈದ್ಯರಿದ್ದರು. ಕಿವಿ ಪೂರ್ತಿ ಕಿವುಡಾಯಿತು, ಎಷ್ಟೋ ಮಂದಿಗೆ ಮೊರೆತ ಮಾತ್ರ ನಿಲ್ಲಲಿಲ್ಲ. ತಂತಿ ಕಡಿದ ಮೇಲೂ ಗಂಟೆ ಬಾರಿಸುತ್ತಿದೆಯೆಂದರೆ ಅದು ಬಾರಿಸುತ್ತಿರುವುದು ಮಿದುಳಿನಲ್ಲಿ ಎನ್ನದೆ ವಿಧಿಯಿಲ್ಲ.

ಹಾಗಾದರೆ ಕಿವಿಯ ಪಾಲೇನೂ ಇಲ್ಲವೇ? ಇದೆ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ಬಾಯ್ಲರ್ ಕಟ್ಟುವ 100 ಕಾರ್ಮಿಕರನ್ನು ಪರೀಕ್ಷಿಸಿದಾಗ ಒಬ್ಬರಿಗೂ ಸರಿಯಾದ ಶ್ರವಣಶಕ್ತಿ ಉಳಿದಿರಲಿಲ್ಲ. ಕಿವಿಮೊರೆತ ಹೆಚ್ಚಾಗಿ ಕಾಡುವುದು ಇಂಥ ಗದ್ದಲದಲ್ಲಿ ದುಡಿದವರನ್ನೇ. ಕಿವಿಯಿಂದ ಬರುವ ಸಂಕೇತ ಕುಗ್ಗಿದಾಗ ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಂಡು ತನ್ನದೇ ಸದ್ದನ್ನು ಕೇಳಿಸಿಕೊಳ್ಳುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಇದನ್ನು ಬರೀ ಭ್ರಮೆ ಎಂದು ತಳ್ಳಿಹಾಕುವವರಿಗೆ 1953ರ ಹೆಲ್ಲರ್–ಬರ್ಗ್‌ಮನ್ ಪ್ರಯೋಗವೇ ಉತ್ತರ: ಸದ್ದು ನುಗ್ಗದ ಕೋಣೆಯಲ್ಲಿ ಕೂತ, ಕಿವಿ ಚೆನ್ನಾಗಿದ್ದ 80 ಜನರಲ್ಲಿ ಶೇ. 94 ಮಂದಿಗೆ ಏನಾದರೊಂದು ಸದ್ದು ಕೇಳಿಸಿತ್ತು. ಅಂದಮೇಲೆ ನಿಶ್ಶಬ್ದ ಮದ್ದಲ್ಲ. 1821ರಷ್ಟು ಹಿಂದೆಯೇ ಪ್ಯಾರಿಸ್ಸಿನ ವೈದ್ಯ ಇಟಾರ್ ಹೊರಗಿನ ಸದ್ದಿನಿಂದ ಒಳಗಿನದನ್ನು ಮರೆಸುವ ಉಪಾಯ ಹೇಳಿದ್ದ. ಸಿದ್ಧಾಂತಕ್ಕಿಂತ ಅನುಭವ ಮುಂದಿತ್ತು. ಇಂದಿನ ಶ್ರವಣಸಾಧನಗಳೂ ಆ ದಾರಿಯವೇ. ಮನೋಚಿಕಿತ್ಸೆ ಮೊರೆತದ ಜೋರನ್ನು ತಗ್ಗಿಸುವುದಿಲ್ಲ, ಅದರ ಕಾಟವನ್ನು ತಗ್ಗಿಸುತ್ತದೆ.